ಹೊಲಿಗೆ ಕ್ಲಾಸಿನ ಮನೆಗೆ ಬೋರ್ಡು ಬಂತು

ಮೂಡಲಪಾಳ್ಯದ ಆ ಮನೆಗೆ ಬೋರ್ಡು ಇರಲಿಲ್ಲ. ಕೆಳಗೆ ರಾಗಿ ಮಿಲ್ಲು, ಮೇಲೆ ನಾವು. ಅಕ್ಕಪಕ್ಕದವರ ಪಾಲಿಗೆ ಅದು ಹೊಲಿಗೆ ಕ್ಲಾಸು. ನಿಜದಲ್ಲಿ ಮಾಗಡಿ ಕಡೆಯ ಬೆಟ್ಟಗಳ ಇರುಳಿಗ ಬುಡಕಟ್ಟಿನ ಹೆಂಗಸರು, ಗಂಡನ ಹೊಡೆತ ತಾಳಲಾರದೆ ಓಡಿಬಂದವರು, ಅಲ್ಲಿ ಇರುತ್ತಿದ್ದರು. ಹೊಡೆಯುವ ಗಂಡಸರು ನಮ್ಮ ಬೀದಿಯಲ್ಲೂ ಇದ್ದಾರೆ ಬಿಡಿ. ಆದರೆ ನಮ್ಮ ಬೀದಿಯ ಹೆಂಗಸು ತವರಿಗೆ ಬಸ್ಸು ಹತ್ತುತ್ತಾಳೆ. ಇವರ ತವರೂ ಗಂಡನ ಮನೆಯೂ ಎಷ್ಟೋ ಸಲ ಒಂದೇ ಕಾಲೊನಿಯಲ್ಲಿ.

ನಾನು ಅಲ್ಲಿ ವಾರ್ಡನ್. ಕುಕ್ಕರ್ ಕೂಗಿದರೂ ಎದೆ ಹಿಡಿದುಕೊಳ್ಳುವ ಪುಕ್ಕಲಿ ನಾನು. ನನಗೆ ಈ ಕೆಲಸ ಯಾರು ಕೊಟ್ಟರೋ ಎಂದು ಮನೆಯವರು ಇವತ್ತಿಗೂ ಆಡಿಕೊಳ್ಳುತ್ತಾರೆ.

ನಮ್ಮಲ್ಲೊಂದು ರೂಢಿ ಇತ್ತು. ಯಾರಾದರೂ ಬಾಗಿಲು ಬಡಿದರೆ ಒಳಗಿದ್ದವರೆಲ್ಲ ಓಡಿಹೋಗಿ ಹೊಲಿಗೆ ಮಿಷನ್ನುಗಳ ಮುಂದೆ ಕೂತು ತುಳಿಯುವುದು. ಆ ಸದ್ದು ಎದ್ದ ಮೇಲೇ ನಾನು ಚಿಲಕ ತೆಗೆಯುತ್ತಿದ್ದೆ. ಆಗ ಹೊಸದಾಗಿ ಬಂದವಳೊಬ್ಬಳ ಕೈಗೆ ಪ್ಲಾಸ್ಟರ್ ಹಾಕಿತ್ತು. ಕೈ ಮುರಿದ ಗಂಡ, ಸಿಕ್ಕರೆ ಮುಂದಿನ ಸಲ ಜೀವ ಸಹಿತ ಬಿಡುವುದಿಲ್ಲ ಎಂದು ಊರವರ ಎದುರೇ ಹೇಳಿದ್ದನಂತೆ. ಅವಳೂ ಎಲ್ಲರ ಜೊತೆ ಬಂದು ಕೂತು, ಬಟ್ಟೆಯೇ ಇಲ್ಲದ ಮಿಷನ್ನನ್ನು ತುಳಿಯುತ್ತಿದ್ದಳು. ಬಂದವರು ಹೋದ ಮೇಲೂ ಅವಳ ಕಾಲು ನಿಲ್ಲುತ್ತಿರಲಿಲ್ಲ.

ಅಷ್ಟರಲ್ಲಿ ಹಳೆಯ ದಾನಿಗಳು ಕೈಬಿಟ್ಟರು. ಬಾಡಿಗೆಗೂ ಗತಿಯಿಲ್ಲದೆ ಮನೆ ಖಾಲಿ ಮಾಡುವ ಹೊತ್ತಿಗೆ ಒಂದು ಕಂಪನಿ ಒಪ್ಪಿಕೊಂಡಿತು. ಒಂದೇ ಷರತ್ತು: ಮನೆಯ ಹೊರಗೆ ಬೋರ್ಡು ಹಾಕಬೇಕು, ಅದರಲ್ಲಿ ಕಂಪನಿಯ ಹೆಸರು ಇರಬೇಕು. ನಾನು ಬೇಡವೇ ಬೇಡ ಎಂದು ಜಗಳ ತೆಗೆದೆ.

"ಮನೇನೇ ಇಲ್ದಿದ್ರೆ ಇವ್ರನ್ನೆಲ್ಲಿ ಬಚ್ಚಿಡ್ತೀಯಮ್ಮ?" ಎಂದರು ನಮ್ಮ ಸಂಸ್ಥೆಯ ಮೇಡಂ.

ಬೋರ್ಡು ಬಂತು. ಕೌಟುಂಬಿಕ ಹಿಂಸೆಗೆ ಒಳಗಾದ ಬುಡಕಟ್ಟು ಮಹಿಳೆಯರ ಆಶ್ರಯ ಮನೆ ಎಂದು ದಪ್ಪ ಅಕ್ಷರ, ಅದಕ್ಕಿಂತ ದಪ್ಪಕ್ಕೆ ಕಂಪನಿಯ ಹೆಸರು. ಹಾರ ಹಾಕಿದರು, ರಿಬ್ಬನ್ ಕತ್ತರಿಸಿದರು, ಫೋಟೊ ತೆಗೆದು ಫೇಸ್‌ಬುಕ್ಕಿಗೆ ಹಾಕಿದರು. ಒಳ್ಳೆಯ ಜನವೇ. ನನಗೂ ಒಂದು ಸ್ವೀಟ್ ಬಾಕ್ಸ್ ಕೊಟ್ಟರು. ನಾನದನ್ನು ಬಿಚ್ಚದೆ ಕಪಾಟಿಗೆ ಸೇರಿಸಿದೆ.

ಮಾರನೆಯ ದಿನ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಎಲ್ಲರೂ ಓಡಿಹೋಗಿ ತುಳಿಯತೊಡಗಿದರು. ಹೊರಗೆ ಅಷ್ಟು ದೊಡ್ಡ ಬೋರ್ಡು ತೂಗುತ್ತಿದೆ, ಒಳಗೆ ನಾವು ಹೊಲಿಗೆ ಕ್ಲಾಸು ನಡೆಸುತ್ತಿದ್ದೇವೆ! ಕೊನೆಗೆ ಚಿಲಕ ತೆಗೆದೆ.

ಬಂದಿದ್ದವರು ಕೆಳಗಿನ ಮಿಲ್ಲಿನವರು. ಮೈತುಂಬ ರಾಗಿ ಹಿಟ್ಟು.

"ಅಮ್ಮಾ, ಯಾವನೋ ಬಂದಿದ್ದ. ಮೊಬೈಲಲ್ಲಿ ಫೋಟೊ ತೋರ್ಸಿ, ಇದೇ ಬೋರ್ಡಲ್ವಾ ಅಂದ. ಕೈ ಮುರಿದಿರೋ ಹೆಂಗಸು ಇಲ್ಲಿದಾಳಾ ಅಂತ ಕೇಳ್ದ."

"ನೀವೇನಂದ್ರಿ?"

"ನಂಗೊತ್ತಿಲ್ಲ ಅಂದೆ. ಸಾಯಂಕಾಲ ಜನ ಕರ್ಕೊಂಡ್ ಬರ್ತೀನಿ ಅಂತ ಹೇಳ್ಹೋದ."

ಮೇಡಂಗೆ ಫೋನ್ ಮಾಡಿದೆ. ಪೊಲೀಸರಿಗೆ ಹೇಳುತ್ತೇನೆ, ಉಳಿದವರನ್ನು ನಾನೇ ಬಂದು ಕರೆದೊಯ್ಯುತ್ತೇನೆ, ನೀನು ಅವಳನ್ನು ಈಗಲೇ ಅಲ್ಲಿಂದ ಹೊರಡಿಸು ಎಂದರು.

"ಬೋರ್ಡ್ ತೆಗೀತೀನಿ" ಎಂದೆ.

"ತೆಗೆದ್ರೆ ದುಡ್ಡು ನಿಂತೋಗತ್ತೆ ಕಣಮ್ಮ."

"ಇಟ್ರೆ ಇವತ್ತು ಇವ್ಳ ಗಂಡ, ನಾಳೆ ಇನ್ನೊಬ್ಳ ಗಂಡ ಬರ್ತಾನೆ ಮೇಡಂ."

ಫೋನ್ ಇಟ್ಟೆ. ಮಿಲ್ಲಿನವರಿಂದ ಕಟಿಂಗ್ ಪ್ಲೇಯರ್ ಇಸಿದುಕೊಂಡು ತಂತಿ ಕತ್ತರಿಸಿದೆ. ಬೋರ್ಡು ಹಾರದ ಸಮೇತ ಬಿತ್ತು. ಅದನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದೆ.

ಗೋವಿಂದರಾಜನಗರದ ನನ್ನ ಮನೆಗೇ ಅವಳನ್ನು ಕರೆದುಕೊಂಡು ಹೊರಟೆ. ಹಾಗೆ ಮಾಡಬಾರದೆಂಬ ನಿಯಮವಿದೆ. ಅವತ್ತು ನನಗೆ ಬೇರೆ ಜಾಗ ಹೊಳೆಯಲಿಲ್ಲ. ಆಟೊದಲ್ಲಿ ಅವಳು ತಲೆಗೆ ಸೆರಗು ಹೊದ್ದು, ಪ್ಲಾಸ್ಟರ್ ಕೈಯನ್ನು ಅದರೊಳಗೆ ಮುಚ್ಚಿಟ್ಟು ಬಗ್ಗಿ ಕೂತಿದ್ದಳು. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತ ಪ್ರತಿ ಬೈಕಿನವನೂ ನನಗೆ ಅವಳ ಗಂಡನಂತೆಯೇ ಕಂಡ. ಅವಳ ಕಾಲು ಆಟೊದ ನೆಲವನ್ನು ಮೆಲ್ಲಗೆ ತುಳಿಯುತ್ತಲೇ ಇತ್ತು.

ನಮ್ಮ ಬೀದಿಯ ತಿರುವಿನಲ್ಲಿ ಅವಳು ಮೊದಲ ಸಲ ಬಾಯಿಬಿಟ್ಟಳು.

"ಅಕ್ಕ, ನಿಮ್ಮನೇಲೂ ಮಿಷಿನ್ ಐತಾ?"

ಇದೆ ಎಂದು ಸುಳ್ಳು ಹೇಳಿದೆ.