ತೊಟ್ಟಿಲಿಗೆ ಮೊದಲು ಕಲ್ಲು

ನಮ್ಮ ಮನೆಯಲ್ಲಿ ಕಾಲೇಜು ಕಂಡವಳು ನಾನೇ ಮೊದಲು. ಬಿ.ಎಸ್ಸಿ. ಮುಗಿಸಿ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆ. ಚೊಚ್ಚಲ ಬಾಣಂತನಕ್ಕೆ ಅರಳಗುಪ್ಪೆ ಹತ್ತಿರದ ತವರಿಗೆ ಬಂದಾಗಲೂ ಆ ಬಿಂಕ ಇಳಿದಿರಲಿಲ್ಲ.

ಮಗುವಿನ ಮೂರನೇ ತಿಂಗಳಲ್ಲಿ ಅವ್ವ ಅಟ್ಟದಿಂದ ಮರದ ತೊಟ್ಟಿಲು ಇಳಿಸಿದಳು. ನಾವೆಲ್ಲ ಅದರಲ್ಲೇ ಮಲಗಿ ಬೆಳೆದವರು. ತನ್ನ ಹಳೇ ಹತ್ತಿ ಸೀರೆಗಳನ್ನು ಒಗೆದು, ಬಿಸಿಲಿಗೆ ಹಾಕಿ, ಮಡಿಸಿ ಹಾಸು ಹೊಲಿದಳು. ಮಗುವಿಗೆ ಒತ್ತುತ್ತದೆಂದು ಅಂಚುಗಳನ್ನು ಮೊದಲೇ ಕತ್ತರಿಸಿ ತೆಗೆದಿದ್ದಳು. ತೂಗುಹಾಕಲು ನಾರಿನ ಹಗ್ಗ ತಂದಳು. ನಮ್ಮ ತೋಟದ್ದೇ ನಾರು, ಅವಳೇ ಹೊಸೆದದ್ದು.

ನಾನು ಬೇಡವೆಂದೆ. ತಿಪಟೂರಿನಿಂದ ನೀಲಿ ನೈಲಾನ್ ಹಗ್ಗ ತರಿಸಿದ್ದೆ. ಧೂಳು ಉದುರುವುದಿಲ್ಲ, ಎಮ್ಮೆ ಜಗ್ಗಿದರೂ ಹರಿಯುವುದಿಲ್ಲ. ನಾನೇ ಸ್ಟೂಲು ಹತ್ತಿ ತೊಲೆಗೆ ಕಟ್ಟಿದೆ.

ನಮ್ಮ ಕಡೆ ಮಗುವಿಗಿಂತ ಮೊದಲು ಒರಳಿನ ಗುಂಡುಕಲ್ಲನ್ನು ತೊಟ್ಟಿಲಿಗೆ ಹಾಕಿ ತೂಗುತ್ತಾರೆ. ಅವ್ವ ಕಲ್ಲಿಗೂ ಕುಲಾವಿ ಹಾಕಿ ತಂದಳು.

“ನಿನ್ನ ಹಿರೀಮಗ ಒಳ್ಳೆ ಗುಂಡಗವ್ನೆ ಕಣೇ!” ಎಂದು ಪಕ್ಕದ ಮನೆಯಾಕೆ ನನ್ನನ್ನು ಛೇಡಿಸಿದಳು.

“ಕಲ್ಲು ತೂಗೋದೆಲ್ಲ ಮೂಢನಂಬಿಕೆ ಕಣವ್ವ. ಮಗೂನೇ ಮಲಗಿಸ್ತೀನಿ,” ಎಂದೆ.

“ಒಂದು ಗಳಿಗೆ ಅದೂ ಮಲೀಕಳ್ಳಿ ಬುಡು. ನಿನ್ನ ಮಗೀಗೇನು ಜಾಗ ಕಮ್ಮಿಯಾಯ್ತದಾ?” ಎಂದು ಅವ್ವ ಕಲ್ಲನ್ನು ತೊಟ್ಟಿಲಿಗೆ ಹಾಕಿದಳು.

ಅವ್ವ ನಾಲ್ಕೈದು ಸಲ ತೂಗಿರಬಹುದು. ನಾನು ಹಾಕಿದ ಗಂಟು ಸದ್ದಿಲ್ಲದೆ ಜಾರಿತು. ತೊಟ್ಟಿಲು ಒಂದು ಕಡೆಗೆ ವಾಲಿ, ಕಲ್ಲು ದಢಾರನೆ ಬಿತ್ತು. ಸಾರಿಸಿದ ನೆಲದಲ್ಲಿ ಬೊಗಸೆಯಷ್ಟು ಗುಳಿ. ಮಗು ನನ್ನ ತೋಳಿನಲ್ಲೇ ಇತ್ತು. ಪಕ್ಕದ ಮನೆಯಾಕೆ ಮುಂದೆ ಬಂದು ಅದನ್ನು ಈಸಿಕೊಂಡಳು.

ಅವ್ವ ಹಂಗಿಸಲಿಲ್ಲ. ಬಿದ್ದ ನೀಲಿ ಹಗ್ಗವನ್ನು ಬೆರಳಲ್ಲಿ ಉಜ್ಜಿ ನೋಡಿದಳು. “ಹಗ್ಗ ಗಟ್ಟಿ ಐತೆ ಕಣವ್ವ, ಹರೀಲಿಲ್ಲ. ನುಣುಪು ಜಾಸ್ತಿ, ಗಂಟು ನಿಲ್ಲಾಕಿಲ್ಲ. ನಾರಾದ್ರೆ ಒಂದನ್ನೊಂದು ಕಚ್ಕಂಡಿರ್ತದೆ.” ನಾರಿನ ಹಗ್ಗ ಬಿಗಿದು, ಎರಡೂ ಕೈಯಲ್ಲಿ ಹಿಡಿದು, ಕಾಲೆತ್ತಿ ತಾನೇ ಜೋತುಬಿದ್ದಳು.

ಹೆಣ್ಣಿಗೆ ಕಾಲೇಜು ಯಾಕೆ ಎಂದವರ ಬಾಯಿ ಮುಚ್ಚಿಸಿ ನನ್ನನ್ನು ಓದಿಸಿದವಳು ಇದೇ ಅವ್ವ. ಅದರ ಋಣವೇ ತೀರಿರಲಿಲ್ಲ, ಈಗ ಇದೊಂದು ಸೇರಿತು.

“ಈಗ ಮಲಗ್ಸು,” ಎಂದಳು.

ನಾನು ಬಗ್ಗಿ ಗುಂಡುಕಲ್ಲನ್ನು ಎತ್ತಿಕೊಂಡೆ, ಓರೆಯಾಗಿದ್ದ ಕುಲಾವಿ ಸರಿಮಾಡಿದೆ.

“ಎರಡು ಸಲ ಇಡೋ ಶಾಸ್ತ್ರ ಇಲ್ಲ ಕಣೇ.”

“ಇರ್ಲಿ ಬುಡವ್ವ,” ಎಂದು ಕಲ್ಲನ್ನು ಮಲಗಿಸಿ, ಗಂಟು ನೋಡುತ್ತಾ ತೂಗಿದೆ.