ಬಸಳೆಗೆ ಬಿಟ್ಟ ಎಸಿ ನೀರು

ನಿನ್ನೆ ಇಲ್ಲಿ ಗಲ್ಫಿನಲ್ಲಿ, ಮುಂತಜಾ ಬಡಾವಣೆಯ ಗಲ್ಲಿಯಲ್ಲಿ ಹೋಗುವಾಗ ಒದ್ದೆ ಮರಳಿನ ವಾಸನೆ ಮೂಗಿಗೆ ಬಡಿಯಿತು. ಯಾವುದೋ ಎಸಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಿಮಗಾದರೆ ಊರಿನ ಮೊದಲ ಮಳೆ ನೆನಪಾಗುತ್ತಿತ್ತೇನೋ. ನನಗೆ ನೆನಪಾದದ್ದು, ಎರಡು ವರ್ಷದ ಹಿಂದೆ, ಹದಿನೈದರ ಪ್ರಾಯದಲ್ಲಿ, ಒಂದು ಇಡೀ ವಿಲ್ಲಾವನ್ನು ನಾನು ಹೆಚ್ಚುಕಡಿಮೆ ಉರುಳಿಸಿದ್ದು.

ನಮ್ಮದು ಅಜೀಜಿಯಾದ ಹಳೆ ವಿಲ್ಲಾವೊಂದರ ಕೆಳಗಿನ ಭಾಗ. ನಮ್ಮ ಕರಾವಳಿಯವರು ಬಾಡಿಗೆ ಮನೆ ನೋಡಲು ಹೋದರೆ ಅಡುಗೆಮನೆಗಿಂತ ಮೊದಲು ಬಸಳೆ ನೆಡಲು ಜಾಗ ಹುಡುಕುತ್ತಾರೆ. ಅಮ್ಮ ಊರಿಂದ ಸೂಟ್‌ಕೇಸಿನಲ್ಲಿ ತಂದ ಬಳ್ಳಿಯನ್ನು ಹಾಲ್‌ನ ಗೋಡೆಯ ಬುಡದಲ್ಲೇ ನೆಟ್ಟಿದ್ದರು. ಬಿಸಿಲಲ್ಲಿ ಅವರು ಬಕೆಟ್ ಹೊರುವುದನ್ನು ನೋಡಲಾಗದೆ, ಮೂರು ಎಸಿಗಳ ನೀರನ್ನು ಒಂದೇ ಪೈಪಿಗೆ ಸೇರಿಸಿ ಅಲ್ಲಿಗೆ ಬಿಟ್ಟೆ. ಬಸಳೆ ಬೆಳೆದ ರಭಸ ಹೇಗಿತ್ತೆಂದರೆ, ಕಿಟಕಿ ತೆರೆದಿಟ್ಟರೆ ಒಳಗೆ ಬಂದು ನಮ್ಮ ಜೊತೆ ಟಿವಿ ನೋಡುತ್ತಿತ್ತು.

ಎರಡನೆಯ ಬೇಸಿಗೆಗೆ ಹಾಲ್‌ನ ಕಿಟಕಿಯ ಮೂಲೆಯಿಂದ ನೆಲದ ಕಡೆಗೆ ಓರೆಯಾಗಿ ಒಂದು ಬಿರುಕು ಇಳಿಯಿತು. ಪೇಂಟ್ ಒಣಗಿದ್ದು ಎಂದರು ಪಪ್ಪ. ಮೇಲಿನ ಮನೆಯ ಅಂಕಲ್‌ನ ಸ್ಕಿಪ್ಪಿಂಗ್ ಎಂದೆ ನಾನು. ಅವರು ಹಾರಿದರೆ ಬಹರೇನಿನಲ್ಲೂ ಕಪ್ ಅಲುಗಾಡುತ್ತದೆ ಎಂಬುದು ನನ್ನ ನಂಬಿಕೆ. ಬಿರುಕಿನಲ್ಲಿ ನನ್ನ ಸ್ಕೂಲ್ ಐಡಿ ಕಾರ್ಡ್ ತೂರುವಂತಾದಾಗ ಪಪ್ಪ ಹಮೀದಾಕನನ್ನು ಕರೆಸಿದರು. ಪುತ್ತೂರಿನವರು, ಇಪ್ಪತ್ತೈದು ವರ್ಷದಿಂದ ಇಲ್ಲಿ ಕಟ್ಟಡದ ಫೋರ್‌ಮನ್.

ಅವರು ಸೀದಾ ಹೊರಗೆ ಹೋಗಿ ಬಸಳೆಯ ಬುಡ ಅಗೆದರು. ಅಡಿಪಾಯದ ಕೆಳಗೆ ಅವರ ಕೈ ಮೊಣಕೈವರೆಗೆ ಹೋಯಿತು.

"ಇಲ್ಲಿಗೆ ನೀರು ಬಿಟ್ಟದ್ದು ಯಾರು?"

ಅಮ್ಮ ನನ್ನನ್ನು ನೋಡಿದರು. ನಾನು ಬಸಳೆಯನ್ನು ನೋಡಿದೆ.

"ಮಳೆಯೇ ಇಲ್ಲದ ಊರಲ್ಲಿ ನೀನೊಬ್ಬನೇ ಮಳೆಗಾಲ ಮಾಡಿದ್ದಲ್ಲ ಮಾರಾಯ! ಅಡಿಯ ಮರಳೆಲ್ಲ ತೊಳೆದು ಹೋಗಿದೆ. ಅಡಿಪಾಯ ಕೂತಿದೆ, ಗೋಡೆ ಬಿಟ್ಟಿದೆ."

"ಮೇಲಿನವರ ಸ್ಕಿಪ್ಪಿಂಗ್ ಕೂಡ..."

"ನೀನೀಗ ಬಾಯಿ ಮುಚ್ಚು, ಇಂಜಿನಿಯರೇ."

ಬಿರುಕಿನ ಮೇಲೆ ಅಡ್ಡಲಾಗಿ ತೆಳು ಗಾಜಿನ ತುಂಡೊಂದನ್ನು ಅಂಟಿಸಿದರು. "ಗುಂಡಿ ತುಂಬಿಸಿ ತಿಂಗಳು ಕಾಯುವ. ಇದು ಒಡೆದ್ರೆ ಗೋಡೆ ಇನ್ನೂ ಇಳೀತಾ ಉಂಟು ಅಂತ. ಮತ್ತೆ ಖಲಾಸ್, ಮನೆ ಖಾಲಿ ಮಾಡ್ಬೇಕು."

ಖಾಲಿ ಮಾಡಿದರೆ ಈಗಿನ ಬಾಡಿಗೆಗೆ ಇನ್ನೊಂದು ಮನೆ ಸಿಗುವುದಿಲ್ಲ. ಅಮ್ಮ ಮತ್ತು ನಾನು ಉಡುಪಿಗೆ, ಪಪ್ಪ ಆರು ಜನರ ಬ್ಯಾಚುಲರ್ ರೂಮಿಗೆ.

"ಓನರ್‌ಗೆ ಡ್ರೈನೇಜ್ ಲೀಕ್ ಅಂತ ಹೇಳುವ," ಎಂದರು ಪಪ್ಪ.

"ಬೇಡ ಪಪ್ಪ. ಅವರು ಡ್ರೈನೇಜ್ ಅಗೆಸ್ತಾರೆ, ಗೋಡೆ ಹಾಗೇ ಇಳೀತದೆ. ನಾನೇ ಹೇಳ್ತೇನೆ."

ಸಂಜೆ ಓನರ್ ಮುದುಕರ ಮನೆಗೆ ಹೋದೆ. ನನ್ನ ಅರಬ್ಬಿಯಲ್ಲಿ ಒಟ್ಟು ಹನ್ನೆರಡು ಪದಗಳು. ಉಳಿದದ್ದನ್ನು ಕೈಕಾಲಿನಲ್ಲಿ ಹೇಳಿದೆ. ಮನೆ ಕುಸಿಯುವುದನ್ನು ತೋರಿಸಲು ಅವರ ಕಾರ್ಪೆಟ್ ಮೇಲೆ ಬಿದ್ದೂ ತೋರಿಸಿದೆ. ಮುದುಕರು ನಗಲಿಲ್ಲ. ಕಾಂಕ್ರೀಟಿಗೆ ಜನ ಕಳಿಸುತ್ತೇನೆ, ಮಣ್ಣು ಹೊರುವುದು ನೀನು, ಯಲ್ಲಾ, ನಡಿ, ಎಂದರು.

ಹೊತ್ತೆ, ಗುಂಡಿಗೆ ಸುರಿದು ಗುದ್ದಿದೆ. ಹಮೀದಾಕ ನೆರಳಲ್ಲಿ ಚಹಾ ಕುಡಿಯುತ್ತಾ, "ಇನ್ನೂ ಗುದ್ದು, ಇನ್ನೂ ಗುದ್ದು" ಎನ್ನುತ್ತಿದ್ದರು. ಪೈಪನ್ನು ಚರಂಡಿಗೆ ತಿರುಗಿಸಿದೆ. ಬಸಳೆಯನ್ನು ಅಮ್ಮ ತಾವೇ ಕಡಿದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಆ ತಿಂಗಳು ಹಲ್ಲುಜ್ಜುವ ಮೊದಲು ಗಾಜು ನೋಡುತ್ತಿದ್ದೆ. ಸೀನು ಬಂದರೆ ಹೊರಗೆ ಓಡುತ್ತಿದ್ದೆ. ಗಾಜು ಒಡೆಯಲಿಲ್ಲ. ಕೊನೆಯ ದಿನ ಹಮೀದಾಕ ಅದನ್ನು ಉಗುರಿನಿಂದ ತಟ್ಟಿ, "ಬದುಕಿದಿ," ಎಂದರು.

ಬಿರುಕು ಮುಚ್ಚಿದರೂ ಪೇಂಟಿನ ಬಣ್ಣ ಹೊಂದಲಿಲ್ಲ, ಗೆರೆ ಕಾಣುತ್ತದೆ. ಪಪ್ಪ ಕ್ಯಾಲೆಂಡರ್ ತೂಗುಹಾಕಲು ಬಂದರು, ನಾನು ಬಿಡಲಿಲ್ಲ. ಕಳೆದ ಶುಕ್ರವಾರ ಉಮ್ಮ್ ಸಲಾಲ್‌ನಿಂದ ಊಟಕ್ಕೆ ಬಂದ ಪಪ್ಪನ ಗೆಳೆಯರೊಬ್ಬರು, ಅದೆಂತದ್ದು ಎಂದು ಕೇಳಿದರು. ಅಮ್ಮ ಬಾಯಿ ತೆರೆಯುವ ಮೊದಲೇ ಹೇಳಿದೆ:

"ನಾನು ಮಾಡಿದ್ದು ಅಂಕಲ್. ನಿಮ್ಮ ಮನೆಯ ಎಸಿ ನೀರು ಎಲ್ಲಿಗೆ ಹೋಗ್ತದೆ?"

ಅವರ ಕೈಯ ತುತ್ತು ಬಾಯಿಯ ಹತ್ತಿರವೇ ನಿಂತಿತು. ಅವರಲ್ಲಿ ಗೋಡೆಗೆ ತಾಗಿ ಮಲ್ಲಿಗೆ ಉಂಟಂತೆ. ಈ ಶುಕ್ರವಾರ ನಾನು ಅಲ್ಲಿಗೆ ಹೊರಟಿದ್ದೇನೆ, ಹಾರೆ ಹಿಡಿದುಕೊಂಡು.