ಪರೀಕ್ಷೆಗೆ ಕರೆಸುತ್ತಿದ್ದ ಎದೆ

ನಮ್ಮಣ್ಣ ಮುನಿವೆಂಕಟಯ್ಯ ಯಲಹಂಕ ಸ್ಟೇಷನ್ನಿನಲ್ಲಿ ಜಟಕಾ ಹೊಡೆಯುತ್ತಿದ್ದ. ಎದೆಯ ಕಾಯಿಲೆ ಬಂದು ಕುದುರೆ ಮಾರಿದ ಮೇಲೆ ಅವನಿಗೆ ಉಳಿದ ಕೆಲಸವೆಂದರೆ ಪೇಟೆಯ ದೊಡ್ಡಾಸ್ಪತ್ರೆಗೆ ಹೋಗಿ ಮಲಗುವುದು. ಡಾಕ್ಟರಿಕೆ ಓದುವವರ ಪರೀಕ್ಷೆ ಬಂದಾಗಲೆಲ್ಲ ಅವನಿಗೆ ಕರೆ ಬರುತ್ತಿತ್ತು. ಅವನ ಗುಂಡಿಗೆಯ ಸದ್ದು ಅಷ್ಟು ಚೆನ್ನಾಗಿ ಕೇಳುತ್ತದಂತೆ. ಅದೇನು ಹರಿಕಥೆಯೇ, ಚೆನ್ನಾಗಿ ಕೇಳುವುದಕ್ಕೆ? ಹುಡುಗರು ಸಾಲಾಗಿ ಬಂದು ಸ್ಟೆತಾಸ್ಕೋಪು ಒತ್ತುವಾಗ ಪಕ್ಕದಲ್ಲಿ ನಿಂತ ನನಗೆ ಮೈ ಉರಿಯುತ್ತಿತ್ತು. ಅಣ್ಣ ಮಾತ್ರ, "ಕಲೀಲಿ ಬಿಡ್ಲಾ, ನಾಳೀಕೆ ಯಾರ್ಗಾದ್ರೂ ಆಯ್ತದೆ" ಅನ್ನುತ್ತಿದ್ದ.

ಕೊನೆಗೆ ಪರೀಕ್ಷಕರು ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಕೇಳುತ್ತಿದ್ದರು. ಈ ರೋಗಿ ಇನ್ನೆಷ್ಟು ಕಾಲ ಬದುಕಬಹುದು ಅಂತ ಅದರ ಅರ್ಥ. ವಾರ್ಡಿನವನೊಬ್ಬ ನಮಗೆ ಹೇಳಿದ್ದ. ಮೊದಮೊದಲು ಹುಡುಗರು "ಇಯರ್ಸ್" ಅನ್ನುತ್ತಿದ್ದರು. ಬರಬರುತ್ತ ಅದು "ಮಂತ್ಸ್" ಆಯಿತು. ಅಷ್ಟು ಇಂಗ್ಲಿಷ್ ನಾವಿಬ್ಬರೂ ಕಲಿತಿದ್ದೆವು. ಮನೆಗೆ ಬರುವ ಬಸ್ಸಿನಲ್ಲಿ ಆ ಮಾತು ಮಾತ್ರ ಎತ್ತುತ್ತಿರಲಿಲ್ಲ.

ಅರವತ್ತೆರಡನೇ ಇಸವಿಯಲ್ಲಿ ಅವನ ಮಂಚದ ಬಳಿ ಬಂದವಳು ಜಾಹಿದಾ, ನಮ್ಮ ಬೀದಿಯ ತಾಜುದ್ದೀನ್ ಸಾಹೇಬರ ಮಗಳು. ಚಿಕ್ಕಂದಿನಲ್ಲಿ ಜಟಕಾದಲ್ಲಿ ಅಣ್ಣನ ಪಕ್ಕ ಕೂತು, ಲಗಾಮು ಹಿಡಿದು ಸ್ಕೂಲಿಗೆ ಹೋಗುತ್ತಿದ್ದ ಹುಡುಗಿ. ಹಿಂದಿನ ಸಲ ಫೇಲಾಗಿದ್ದಳು. ಈ ಸಲವೂ ಆದರೆ ಸ್ಕಾಲರ್‌ಶಿಪ್ ನಿಂತು ಓದೇ ಮುಗಿದ ಹಾಗೆ. ಅದು ಅಣ್ಣನಿಗೂ ಗೊತ್ತಿತ್ತು.

ಅವಳು ಎದೆ ಪರೀಕ್ಷಿಸಿ, ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ ಕೊಟ್ಟಳು. ಕೊನೆಗೆ ಆ ಪ್ರಶ್ನೆ ಬಂತು. ಅಣ್ಣನ ಮುಖ ನೋಡಿದ ಹುಡುಗಿ ಬಾಯಿ ಬಿಡಲೇ ಇಲ್ಲ. ಪರೀಕ್ಷಕರು ಮತ್ತೊಮ್ಮೆ ಕೇಳಿ, ಮಾರ್ಕು ಹಾಕಲು ಪೆನ್ನು ತೆಗೆದರು.

ಅಣ್ಣ ದಿಂಬಿನಿಂದ ತಲೆ ಎತ್ತಿದ. "ಯೋಳವ್ವ. ನಂಗೊತ್ತು ಅದು. ನೀನೇನ್ ಒಸ್ದಾಗಿ ಯೋಳ್ತಿಲ್ಲ."

ಅವಳು ನೆಲ ನೋಡುತ್ತ, "ಮಂತ್ಸ್, ಸರ್" ಅಂದಳು. ಯಾರನ್ನು ಬೈಯಲಿ? ಸುಮ್ಮನೆ ಅಣ್ಣನ ಅಂಗಿಯ ಗುಂಡಿ ಹಾಕಿದೆ.

ಜಾಹಿದಾ ಪಾಸಾದಳು. ಅಣ್ಣ ಬೀದಿಗೆಲ್ಲ ಕಲ್ಲುಸಕ್ಕರೆ ಹಂಚಿಸಿದ. ಆಮೇಲೆ ಅವಳು ದಿನಾ ಬೆಳಿಗ್ಗೆ ಬಂದು ಅವನ ಎದೆ ನೋಡಿ, ಏನೂ ಹೇಳದೆ ಹೋಗುತ್ತಿದ್ದಳು. ಯುಗಾದಿಗೆ ಮುಂಚೆ ಅಣ್ಣ ಹೋಗಿಬಿಟ್ಟ. ಅಂಗಳದಲ್ಲಿ ಅವನನ್ನು ಮಲಗಿಸಿದ್ದಾಗ ಜಾಹಿದಾ ನನ್ನ ತೋಳು ಹಿಡಿದುಕೊಂಡಳು.

"ನಾನ್ ಕೊಟ್ಟ ಉತ್ತರ ತಪ್ಪಾಗ್ಲಿ ಅಂತ ದಿನಾ ದುವಾ ಮಾಡ್ತಿದ್ದೆ ಮಾಮ" ಎಂದಳು.

ನಾನೂ ನಮ್ಮ ದೇವರಲ್ಲಿ ಅದನ್ನೇ ಬೇಡಿಕೊಂಡಿದ್ದೆ.